ಸದ್ದು ಸರಿಹೋದ ಕಾರು

"ಈ ಸದ್ದು ಎಷ್ಟು ದಿನದಿಂದ ಬರ್ತಿದೆ?"

"ಯಾವ ಸದ್ದು?"

ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿ ಅವಳು ಅವನನ್ನು ದುರುಗುಟ್ಟಿ ನೋಡಿದಳು. ಈಗಷ್ಟೇ ಅದೇ ಕಾರನ್ನು ಒಂದು ಸುತ್ತು ಓಡಿಸಿ ತಂದಿದ್ದಳು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಹಿಂದಿನ ಚಕ್ರಗಳ ನಡುವಿನಿಂದ ಮರ ಕೊಯ್ಯುವಂಥ ಸದ್ದು. ಬೀದಿಯ ಆ ತುದಿಯವರೂ ತಿರುಗಿ ನೋಡಿದ್ದರು.

"ಡಿಫರೆನ್ಶಿಯಲ್ ಕಡಿಮೆ ಅಂದ್ರೂ ಆರು ತಿಂಗಳಿಂದ ಬಾಯಿ ಬಡ್ಕೊಳ್ತಿದೆ. ಕಿವಿ ಕೇಳಲ್ವಾ ನಿಮಗೆ?"

ಅವನು ತಲೆಯನ್ನು ಸ್ವಲ್ಪ ವಾಲಿಸಿ, ಎಡಗಿವಿಯನ್ನು ಅವಳತ್ತ ತಿರುಗಿಸಿ ಸಣ್ಣಗೆ ನಕ್ಕ. "ಬಲಗಡೆ ಪೂರ್ತಿ ಹೋಗಿದೆ. ಎಡಗಡೆ ಹೋಗ್ತಾ ಇದೆ. ನೀವು ಸರಿಯಾಗೇ ಕೇಳಿದ್ರಿ ಬಿಡಿ."

ಅವಳಿಗೆ ಮತ್ತೆ ಕಾರಿನ ಅಡಿಗೇ ಹೋಗಿ ಅವಿತುಕೊಳ್ಳೋಣ ಅನ್ನಿಸಿತು. ಹಾಗೇ ಮಾಡಿದಳು ಕೂಡ.

ಬೀದಿಯವರಿಗೆಲ್ಲ ಅವಳು ಗೇರಕ್ಕ. ಎಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುವ ತನಕದ ದಾರಿ ಪೂರ್ತಿ ಅವಳದು: ಕ್ಲಚ್, ಗೇರ್‌ಬಾಕ್ಸ್, ಶಾಫ್ಟ್, ಡಿಫರೆನ್ಶಿಯಲ್. ಎಂಜಿನ್ ಕೆಟ್ಟರೆ ಪಕ್ಕದ ಅಂಗಡಿಗೆ ಹೋಗಿ ಅನ್ನುತ್ತಿದ್ದಳು. ಲೋಹ ಕಡೆಯುವ ಲೇತ್ ಮುಂದೆ ಅಪ್ಪ, ಕಾರಿನ ಅಡಿಯಲ್ಲಿ ಅವಳು. ಹೀಗೇ ಅವಳಿಗೆ ಮೂವತ್ತಾರು ವರ್ಷ ಆಗಿತ್ತು. ಮದುವೆಯ ಮಾತು ಎರಡು ಸಲ ಬಾಗಿಲ ತನಕ ಬಂದು, ಅವಳ ಉಗುರಿನ ಸಂದಿಯ ಗ್ರೀಸ್ ನೋಡಿ ಹಿಂದೆ ಹೋಗಿತ್ತು.

ಅವನು ಕಾರು ಕಂಪನಿಯೊಂದರಲ್ಲಿ ಟೆಸ್ಟ್ ಡ್ರೈವರ್ ಆಗಿದ್ದವನು. ಹೊಸ ಗಾಡಿಗಳನ್ನು ಲಕ್ಷಾಂತರ ಕಿಲೋಮೀಟರ್ ಓಡಿಸಿ, ಯಾವ ಭಾಗ ಯಾವಾಗ ಸೋಲುತ್ತದೆ ಎಂದು ಬರೆದುಕೊಡುವುದು ಅವನ ಕೆಲಸ. ಆ ಕೆಲಸಕ್ಕೆ ಬೇಕಾದದ್ದೇ ಕಿವಿ. ಬಲಗಿವಿ ಹೋದ ವರ್ಷವೇ ಕೆಲಸವೂ ಹೋಯಿತು. ಉಳಿದದ್ದು ಈ ಕಾರು. ಎರಡು ಬಾಗಿಲಿನದು, ನೆಲಕ್ಕೆ ಅಂಟಿಕೊಂಡಂತೆ ಓಡುವಂಥದ್ದು. ಮೀಟರಿನಲ್ಲಿ ಮೂರು ಲಕ್ಷ ನಲವತ್ತು ಸಾವಿರ ಕಿಲೋಮೀಟರ್.

ಆಯಿಲ್ ಇಳಿಸಿದಾಗ, ಸವೆದ ಲೋಹ ಅಂಟಿಕೊಂಡಿದ್ದ ತಳದ ಬೋಲ್ಟಿನ ಅಯಸ್ಕಾಂತವನ್ನು ಅವಳು ಅವನ ಕಣ್ಣೆದುರು ಹಿಡಿದಳು.

"ನೋಡಿ. ನುಣ್ಣಗೆ ಬೂದು ಕೆಸರು ಇದ್ರೆ ಅದು ವಯಸ್ಸು. ಇದು ಚೂರು. ಇದು ಗಾಯ. ಕೊನೇ ಸಲ ಆಯಿಲ್ ಬದಲಿಸಿದ್ದು ಯಾವಾಗ?"

"ಕಂಪನಿಯವರು ಜೀವಮಾನ ಪೂರ್ತಿ ಬರತ್ತೆ ಅಂದಿದ್ರು."

"ಯಾರ ಜೀವಮಾನ? ಆಯಿಲ್‌ದಾ, ಗಾಡೀದಾ, ನಿಮ್ದಾ?"

ಅವನು ಜೋರಾಗಿ ನಕ್ಕುಬಿಟ್ಟ. ಲೇತ್ ಮುಂದಿದ್ದ ಅಪ್ಪ ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಏನೂ ನೋಡದವನಂತೆ ಮತ್ತೆ ಕೆಲಸಕ್ಕೆ ಬಗ್ಗಿದ.

ಬಿಡಿಭಾಗ ಬರುವುದಕ್ಕೆ ಏಳು ವಾರ ಹಿಡಿಯಿತು. ಏಳು ವಾರವೂ ಅವನು ದಿನಾ ಐದು ಗಂಟೆಗೆ ತಪ್ಪದೆ ಬಂದ. ಕಾರು ನೋಡಲು ಅನ್ನುತ್ತಿದ್ದ. ಆದರೆ ಕಾರಿನತ್ತ ಬೆನ್ನು ಹಾಕಿ, ಎಡಗಿವಿ ಅವಳತ್ತ ಬರುವ ಹಾಗೆ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದ. ಅವಳು ಮಾತಾಡುವಾಗ ಅವನ ಕಣ್ಣು ಅವಳ ತುಟಿಯ ಮೇಲೆ. ಅದು ಅವನ ಅಗತ್ಯ ಎಂದು ಗೊತ್ತಿದ್ದರೂ ಅವಳ ಕೆನ್ನೆ ಬಿಸಿಯಾಗುತ್ತಿತ್ತು. ಕೆನ್ನೆ ಮುಟ್ಟಿಕೊಂಡರೆ ಗ್ರೀಸ್ ಅಂಟುತ್ತಿತ್ತು. ಅವನು ಬಟ್ಟೆ ಚೂರೊಂದನ್ನು ಮುಂದೆ ಹಿಡಿಯುತ್ತಿದ್ದ.

ಒಂದು ಸಂಜೆ ಅವನೇ ಹೇಳಿದ. ಎರಡೂ ಕಡೆ ಕೇಳುವ ನರದ ಮೇಲೆ ಗಡ್ಡೆ. ಅವನ ತಾಯಿಗೂ ಇದೇ ಇತ್ತು. ಹಾಗೇ ಬಿಟ್ಟರೆ ಮಿದುಳಿಗೆ ಒತ್ತುತ್ತದೆ. ತೆಗೆದರೆ ಉಳಿದ ಕಿವಿಯೂ ಹೋಗಬಹುದು. ತಂಗಿ ಇರುವ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ನಿಗದಿಯಾಗಿದೆ.

"ಅಷ್ಟರೊಳಗೆ ಒಂದ್ಸಲ ಈ ಗಾಡಿ ಮೊದಲಿನ ಹಾಗೆ ಓಡಬೇಕು. ಅಷ್ಟೇ ಆಸೆ."

ಅವಳು ಡಿಫರೆನ್ಶಿಯಲ್ಲಿನ ಬೇರಿಂಗುಗಳನ್ನೆಲ್ಲ ಬದಲಿಸಿದಳು. ಗೇರಿನ ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆ ಎಂದು ಬಣ್ಣ ಹಚ್ಚಿ ನೋಡಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಬಣ್ಣ ಹಚ್ಚಿದಳು. ಶಾಫ್ಟ್ ಜೋಡಿಸುವ, ಬಿರುಕು ಬಿಟ್ಟ ರಬ್ಬರ್ ಕಪ್ಲಿಂಗ್ ಕಿತ್ತು ಹೊಸದು ಕೂರಿಸಿದಳು. ಅಷ್ಟು ಒಪ್ಪವಾಗಿ ಅವಳು ಯಾವ ಗಾಡಿಗೂ ಕೆಲಸ ಮಾಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಬೆಟ್ಟದ ರಸ್ತೆಗೆ ಹೋದರು. ಅವನು ಓಡಿಸಿದ. ಗೇರ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳುತ್ತಿತ್ತು. ಮೇಲಿನ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ. ಕಾರು ಗಾಳಿಯಲ್ಲಿ ತೇಲಿದಂತೆ ಹರಿಯಿತು.

ಅವನು ಕಾರನ್ನು ಬದಿಗೆ ನಿಲ್ಲಿಸಿದ. ಕೈ ಇನ್ನೂ ಸ್ಟೀರಿಂಗ್ ಮೇಲೇ ಇತ್ತು.

"ಒಂದು ಕೇಳ್ಲಾ? ಸುಳ್ಳು ಹೇಳಬಾರದು. ಸದ್ದು ಹೋಗಿದ್ಯಾ, ಇಲ್ಲ ನನಗೇ ಕೇಳ್ತಿಲ್ವಾ?"

ಅವಳು ಅವನತ್ತ ತಿರುಗಿ ಕೂತಳು. "ಹೋಗಿದೆ. ನನಗೂ ಕೇಳ್ತಿಲ್ಲ."

"ಹಾಗಾದ್ರೆ ಈಗ ನಾವಿಬ್ಬರೂ ಒಂದೇ," ಎಂದು ನಗಲು ಹೋಗಿ ಅವನು ಮುಖ ಆಚೆ ತಿರುಗಿಸಿದ.

ಇಬ್ಬರೂ ಇಳಿದು ರಸ್ತೆಯಂಚಿನ ಕಟ್ಟೆಗೆ ಒರಗಿ ನಿಂತರು. ಗಾಳಿ ಜೋರಾಗಿತ್ತು. ಗುರುವಾರ ಹೊರಡುತ್ತೇನೆ ಎಂದ. ಅವಳು ಏಳು ವಾರದ ಧೈರ್ಯವನ್ನೆಲ್ಲ ಒಟ್ಟು ಮಾಡಿ, ಕೆಳಗಿನ ಕಣಿವೆಯನ್ನು ನೋಡುತ್ತಾ ಹೇಳಿದಳು:

"ನಾನೂ ಬರ್ತೀನಿ. ನಿಮ್ಮನ್ನ ಬಿಟ್ಟಿರೋಕೆ ನನ್ನಿಂದಾಗಲ್ಲ."

ಅದೇ ಹೊತ್ತಿಗೆ ಲಾರಿಯೊಂದು ಏರು ಹತ್ತಿ ಬಂತು. ಅವನು ಅವಳತ್ತ ಬಾಗಿದ. "ಏನಂದ್ರಿ?"

ಅವನ ಮುಖ ತೀರಾ ಹತ್ತಿರದಲ್ಲಿತ್ತು. ಒಮ್ಮೆ ಬಾಯಿಂದ ಜಾರಿದ್ದು ಎರಡನೇ ಸಲ ಹೊರಬರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಅಂದಳು, "ಏನಿಲ್ಲ ಬಿಡಿ."

ಅವನ ಮುಖದ ನಗು ಥಟ್ಟನೆ ಆರಿಹೋಯಿತು. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ ಅವನು ರಸ್ತೆಯಿಂದ ಕಣ್ಣು ತಿರುಗಿಸಲಿಲ್ಲ. ಅಂಗಡಿಯ ಮುಂದೆ ಅವಳನ್ನು ಇಳಿಸಿ, ಕೈ ಮುಗಿದು ಹೊರಟುಹೋದ. ಆಮೇಲೆ ಫೋನಿಲ್ಲ, ಮೆಸೇಜಿಲ್ಲ. ತನ್ನ ಮನಸ್ಸು ಗೊತ್ತಾಗಿಯೇ ದೂರ ಸರಿದನೇನೋ ಎಂದು ಅವಳು ತನ್ನನ್ನೇ ಬೈದುಕೊಂಡಳು. ತಾನಾಗಿ ಫೋನ್ ಮಾಡಲು ಮನಸ್ಸಾಗಲಿಲ್ಲ.

ಎರಡು ತಿಂಗಳ ಮೇಲೆ ಆ ಕಾರು ಅಂಗಡಿಯ ಮುಂದೆ ಬಂದು ನಿಂತಿತು. ಇಳಿದವಳು ಅವನ ತಂಗಿ.

"ಅಕ್ಕ, ಹೊಸ ಬೇರಿಂಗ್ ಹಾಕಿದ್ಮೇಲೆ ಸಾವಿರದೈನೂರು ಕಿಲೋಮೀಟರಿಗೆ ಒಂದ್ಸಲ ಆಯಿಲ್ ಬದಲಿಸ್ಬೇಕಂತೆ. ನಿಮ್ಮ ಹತ್ರಾನೇ ಮಾಡಿಸ್ಬೇಕು ಅಂತ ಅಣ್ಣ ಹಟ ಹಿಡಿದ."

"ಹೇಗಿದ್ದಾರೆ ಅವರು?"

"ಜೀವಕ್ಕೆ ಏನೂ ತೊಂದರೆ ಇಲ್ಲ. ಕಿವಿ ಉಳೀಲಿಲ್ಲ." ತಂಗಿ ಸ್ಟೂಲ್ ಎಳೆದುಕೊಂಡು ಕೂತಳು. "ನಮ್ಮಮ್ಮನಿಗೂ ಹೀಗೇ ಆಗಿತ್ತು. ಏನಂದ್ರಿ ಅಂತ ಅಮ್ಮ ಕೇಳಿದಾಗಲೆಲ್ಲ ಅಪ್ಪ 'ಏನಿಲ್ಲ ಬಿಡು' ಅನ್ನೋರು. ಕೊನೆಕೊನೆಗೆ ಅಮ್ಮ ಕೇಳೋದನ್ನೇ ಬಿಟ್ಟುಬಿಟ್ಲು. ಯಾರನ್ನಾದ್ರೂ ಅಪ್ಪನ ಸ್ಥಿತಿಗೆ ತರೋಕಿಂತ ಒಬ್ಬನೇ ಇರ್ತೀನಿ ಅಂತಾನೆ ಅಣ್ಣ. ನಿಮ್ಮ ವಿಷಯ ಕೇಳಿದ್ರೆ ಬೇರೆ ಕಡೆ ನೋಡ್ತಾನೆ."

ಅವಳ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು. ಬಿಚ್ಚಿದ ಬೋಲ್ಟಿನ ಅಯಸ್ಕಾಂತದ ಮೇಲೆ ಈಗ ನುಣ್ಣನೆ ಬೂದು ಮಾತ್ರ ಇತ್ತು. ಅದನ್ನು ಒರೆಸಿ, ಹೊಸ ಆಯಿಲ್ ತುಂಬಿ, ಬೋಲ್ಟ್ ಬಿಗಿದಳು. ಆಮೇಲೆ ಲೇತ್ ಹತ್ತಿರ ಹೋದಳು.

"ಅಪ್ಪ, ನಾನೊಂದೆರಡು ದಿನ..."

"ಹೋಗು ಮಗಳೇ," ಎಂದ ಅಪ್ಪ, ಅವಳು ಮಾತು ಮುಗಿಸುವ ಮೊದಲೇ.

ಅವನು ತಂಗಿಯ ಮನೆಯ ಮಹಡಿಯಲ್ಲಿದ್ದ. ಆಪರೇಷನ್ ಆದಮೇಲೆ ದೇಹದ ಸಮತೋಲನ ತಪ್ಪಿತ್ತು. ಅವಳನ್ನು ಕಂಡು ಎದ್ದವನು ಗೋಡೆ ಹಿಡಿದುಕೊಂಡ. ಅವಳು ಎದುರಿಗೇ ನಿಂತು, ಬಾಯಿ ಚೆನ್ನಾಗಿ ಕಾಣುವ ಹಾಗೆ, ಬೆಟ್ಟದ ಮೇಲೆ ಹೇಳಿದ್ದನ್ನೇ ನಿಧಾನವಾಗಿ ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದಳು. ಮೂರನೇ ಸಲ ಹೇಳುವಾಗ ಕಣ್ಣೀರು ತುಟಿಗೆ ಇಳಿದಿತ್ತು.

ಅವನು ಗೋಡೆ ಹಿಡಿದುಕೊಂಡೇ ಮೆಲ್ಲಗೆ ಕೂತ.

"ಅವತ್ತು ಹೇಳಿದ್ದು ಇದೇನಾ?"

ಹೌದೆಂದು ಅವಳು ತಲೆಯಾಡಿಸಿದಳು.

"ಅವತ್ತು ಇನ್ನೊಂದ್ಸಲ ಹೇಳಿದ್ರೆ ಕೇಳ್ತಿತ್ತಲ್ರೀ." ತನ್ನ ದನಿ ತನಗೇ ಕೇಳದೆ ಅವನು ಜೋರಾಗಿ ಮಾತಾಡುತ್ತಿದ್ದ. "ನಿಮ್ಮ ಬೈಗುಳ ಎಲ್ಲಾ ಇದೆ ನನ್ನ ತಲೇಲಿ, ನಿಮ್ಮ ಧ್ವನಿಯಲ್ಲೇ. ಕ್ಲಚ್ ಮೇಲಿಂದ ಕಾಲು ತೆಗೀರಿ ಅಂದಿದ್ದು, ನಕ್ಕಿದ್ದು, ಎಲ್ಲಾ. ಇದೊಂದು ಮಾತು ಇಲ್ಲ. ಇನ್ನು ಬರೋದೂ ಇಲ್ಲ."

ಅವಳು ಪಕ್ಕಕ್ಕೆ ಬಂದಳು. ಅವನ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕೂತಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

ಎರಡು ದಿನ ಕಳೆದು ಅವಳು ಹೊರಡಲೇಬೇಕಾಯಿತು. ಅಂಗಡಿಯಲ್ಲಿ ಅಪ್ಪ ಒಬ್ಬನೇ. ಇಲ್ಲಿ ಇವನಿಗೆ ತುಟಿ ಓದುವ, ನೆಟ್ಟಗೆ ನಡೆಯುವ ಪಾಠ ಆರು ತಿಂಗಳಿತ್ತು. ಆಮೇಲೇನು ಎಂದು ಅವಳು ಕೇಳಲಿಲ್ಲ, ಅವನೂ ಮಾತು ಕೊಡಲಿಲ್ಲ. ತಂಗಿಯ ತೋಳು ಹಿಡಿದು ಬಸ್ ನಿಲ್ದಾಣದ ತನಕ ಬಂದ.

ಅವಳು ಕಿಟಕಿಯ ಪಕ್ಕ ಕೂತು, ಗಾಜು ಸರಿಸಿ, ಅವನಿಗೆ ಏನೋ ಹೇಳತೊಡಗಿದಳು, ಒಂದೊಂದೇ ಪದ ಬಿಡಿಸಿ. ಮಾತು ಅರ್ಧದಲ್ಲಿರುವಾಗಲೇ ಬಸ್ ಹೊರಟಿತು.

"ಏನಂದ್ರಿ?" ಎಂದು ಅವನು ಕೂಗಿದ. ತಂಗಿಯ ತೋಳು ಬಿಟ್ಟು, ಕುಡಿದವನಂತೆ ವಾಲುತ್ತಾ, ಅವಳ ತುಟಿಯ ಮೇಲಿಟ್ಟ ಕಣ್ಣು ಕೀಳದೆ ಬಸ್ಸಿನ ಜೊತೆ ಓಡಿದ. ಕಿಟಕಿಯಿಂದ ಅರ್ಧ ಮೈ ಹೊರಗೆ ಬಾಗಿ ಅವಳು ಹೇಳುತ್ತಲೇ ಇದ್ದಳು.