ಆರು ಬೆರಳಿನ ಕರ್ನಲ್

"ಕರ್ನಲ್ ಇಲ್ಲ! ಅಯ್ಯೋ, ಕದ್ಬಿಟ್ಲು! ಮನೆಯೊಳಗೇ ಕಳ್ಳೀನ ಸಾಕ್ಕೊಂಡಿದೀನಲ್ಲಪ್ಪಾ!"

ಗ್ರಿಮಾನೆಸಾಳ ಗಂಟಲು ಎರಡು ಆಲೂಗೆಡ್ಡೆ ಹೊಲ ದಾಟಿ ನನ್ನ ಮನೆಗೆ ಬಂತು. ನಾನು ನೆಲಿದಾ, ಊರಿನ ಕಾವಲುಕೂಟದ ಬರವಣಿಗೆಯವಳು. ಕಹಮಾರ್ಕದ ಈ ಬೆಟ್ಟಗಳಲ್ಲಿ ಏನಾದರೂ ಕಳವಾದರೆ ಪೊಲೀಸರ ಬಾಗಿಲು ಕಾಯುವವರು ಯಾರೂ ಇಲ್ಲ. ಕೂಟ ಸೇರುತ್ತದೆ, ವಿಚಾರಿಸುತ್ತದೆ, ತೀರ್ಪು ಕೊಡುತ್ತದೆ. ಪುಸ್ತಕ ಹಿಡಿದು ಓಡಿದೆ. ಕೂಟದ ಅಧ್ಯಕ್ಷೆ ಉಬಾಲ್ದಿನಾ ನನಗಿಂತ ಮೊದಲೇ ಬಂದು ಅಂಗಳದಲ್ಲಿ ನಿಂತಿದ್ದಳು. ಎಂದಿನಂತೆ ಕಂಕುಳಲ್ಲಿ ಉಣ್ಣೆ, ಕೈಯಲ್ಲಿ ಕದಿರು. ಆಕೆ ನೂಲುತ್ತಲೇ ಪ್ರಶ್ನೆ ಕೇಳುತ್ತಾಳೆ. ಕದಿರು ನಿಂತಿತೆಂದರೆ ಯಾರದೋ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

ಕರ್ನಲ್ ಎಂದರೆ ಮನುಷ್ಯನಲ್ಲ, ಕುಯ್. ಪೇಟೆಯವರು ಗಿನಿಹಂದಿ ಎನ್ನುತ್ತಾರೆ. ನಮ್ಮ ಎಲ್ಲರ ಅಡುಗೆಮನೆಯಲ್ಲೂ ಒಲೆಯ ಸುತ್ತ ಓಡಾಡಿಕೊಂಡಿದ್ದು, ಹಬ್ಬ ಬಂದರೆ ಬಾಣಲೆ ಸೇರುವ ಪ್ರಾಣಿ. ಆದರೆ ಇವನು ದೈತ್ಯ ತಳಿ. ಕೆಂಪು-ಬಿಳಿ ಮೈ, ಮೂರು ಕಿಲೋ ಮೀರಿದ ತೂಕ, ಮುಂಗಾಲುಗಳಿಗೆ ಆರಾರು ಬೆರಳು. ಗ್ರಿಮಾನೆಸಾಳ ಸೊಸೆ ದೊಮಿತಿಲಾ ಕೆಳಗಿನ ರಸ್ತೆ ಪಕ್ಕದ ರೋಮುಲೊನ ಕುಯ್ ಫಾರಂನಲ್ಲಿ ಕೂಲಿಗಿದ್ದಾಗ, ಬದುಕುವುದಿಲ್ಲವೆಂದು ಗೊಬ್ಬರದ ಗುಂಡಿಗೆ ಎಸೆದಿದ್ದ ಮರಿ ಅದು. ಅವಳು ಎತ್ತಿಕೊಂಡಳು. ಫಾರಂನ ಮೂಲೆಯಲ್ಲೇ ಪೆಟ್ಟಿಗೆಯೊಳಗಿಟ್ಟು ನಾಲ್ಕು ತಿಂಗಳು ಬೆಳೆಸಿದಳು. ಕೆಲಸ ಬಿಟ್ಟ ದಿನ ಶಾಲಿನಲ್ಲಿ ಕಟ್ಟಿಕೊಂಡು ಮನೆಗೆ ತಂದಳು. ಸಾಕಲು, ತಿನ್ನಲಿಕ್ಕಲ್ಲ! ಊರು ಬಿದ್ದು ಬಿದ್ದು ನಕ್ಕಿತು. ಅವಳು ಕ್ಯಾರೇ ಅನ್ನಲಿಲ್ಲ.

ಇವತ್ತು ಅವಳ ಎರಡು ವರ್ಷದ ಮಗಳಿಗೆ ಮೊದಲ ಕೂದಲು ಕತ್ತರಿಸುವ ಹಬ್ಬ. ಮೊದಲ ಜಡೆ ಕತ್ತರಿಸುವವನು ಮಗುವಿನ ಧರ್ಮದಪ್ಪ. ಆತನ ತಟ್ಟೆಗೆ ತಲೆ ಸಮೇತ ಇಡೀ ಕುಯ್ ಬಡಿಸದಿದ್ದರೆ ಮರ್ಯಾದೆ ಮಣ್ಣುಪಾಲು. ಧರ್ಮದಪ್ಪ ಬೇರೆ ಯಾರೂ ಅಲ್ಲ, ಅದೇ ಫಾರಂನ ರೋಮುಲೊ. ಅವನಿಗೆ ಕರ್ನಲ್‌ನನ್ನೇ ಬಡಿಸುವುದೆಂದು ಗ್ರಿಮಾನೆಸಾ ನಿಶ್ಚಯಿಸಿದ್ದಳು. "ನನ್ನ ಹೆಣ ದಾಟಿ ಹೋಗಿ ಕೊಯ್ಯಿರಿ" ಎಂದು ಸೊಸೆ ನಿನ್ನೆ ಎಲ್ಲರೆದುರೇ ಹೇಳಿದ್ದಳು. ಬೆಳಗಾಗುವಷ್ಟರಲ್ಲಿ ಕರ್ನಲ್ ಮಾಯ.

"ಎಷ್ಟೊತ್ತಿಗೆ ಗೊತ್ತಾಯ್ತು?" ಉಬಾಲ್ದಿನಾ ಕೇಳಿದಳು.

"ಆರಕ್ಕೆ, ಅಕ್ಕಾ. ನೀರು ಕಾಯಕ್ಕಿಟ್ಟು, ಚಾಕು ತಗೊಂಡು ಹೋದೆ. ಅವನ ಮೂಲೆ ಖಾಲಿ!"

"ಬಾಗ್ಲು?"

"ಹಾಕಿದ್ದು ಹಾಕಿದಂಗೇ ಇತ್ತು. ಹೊರಗಿಂದ ದಾರ ಎಳೆದ್ರೆ ಯಾರು ಬೇಕಾದ್ರೂ ತೆಗೀಬೋದು ಬಿಡಿ."

"ಸದ್ದು ಕೇಳಿಸ್ತಾ?"

"ಬೆಳಕು ಹರಿಯೋವಾಗ ಕುಯ್‌ಗಳು ಶಿಳ್ಳೆ ಹಾಕಿದ್ವು. ಮೇವು ಬಂದಾಗ ಹಾಕ್ತಾವಲ್ಲ, ಹಂಗೇ. ಮೊದ್ಲು ಶುರು ಮಾಡಿದ್ದೇ ಆ ಕರ್ನಲ್, ಅವನ ದನಿ ನಂಗೊತ್ತಿಲ್ವಾ? ಆಮೇಲೆ ಉಳಿದವೂ ಸೇರ್ಕೊಂಡ್ವು. ಈ ಮನೇಲಿ ಮೇವು ಹಾಕೋಳು ಯಾರು? ಇವಳೇ! ಇನ್ನೇನ್ ಸಾಕ್ಷಿ ಬೇಕು ನಿಮ್ಗೆ?"

"ಕಿರುಚಾಟ ಇರ್ಲಿಲ್ವಾ?"

"ಒಂಚೂರೂ ಇಲ್ಲ."

ಗ್ರಿಮಾನೆಸಾ ಸೊಂಟಕ್ಕೆ ಕೈಯಿಟ್ಟು ಕೂಟದ ಮುಂದೆ ನಿಂತಳು. "ಮನೆ ಸೊತ್ತು ಕದ್ದೋಳು ಮನೇಲಿ ಇರ್ಕೂಡ್ದು. ಅವಳಪ್ಪನ ಮನೆಗೆ ಕಳ್ಸಿ. ಮಗು ಇಲ್ಲೇ ಇರುತ್ತೆ."

ದೊಮಿತಿಲಾಳ ಗಂಡ ಸೆಗುಂದೊ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತಿದ್ದ. ಆ ಚಪ್ಪಲಿಯಲ್ಲಿ ಅಂಥದ್ದೇನಿತ್ತೋ ದೇವರೇ ಬಲ್ಲ.

ದೊಮಿತಿಲಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಎದ್ದಳು. "ನಾನು ಹಸು ಹಾಲು ಕರೀತಿದ್ದೆ. ಹಸು ಬಿಟ್ರೆ ಬೇರೆ ಸಾಕ್ಷಿ ಇಲ್ಲ. ಕದಿಯೋದಿದ್ರೆ ಕದ್ದೆ ಅಂತ ನಿಮ್ಮ ಮುಖಕ್ಕೇ ಹೇಳ್ತಿದ್ದೆ ಅತ್ತೆ, ನಿಮ್ಗೇನ್ ಹೆದ್ರಲ್ಲ. ನೀವೇ ರಾತ್ರೋರಾತ್ರಿ ಕೊಯ್ದು ಮಸಾಲೆಗೆ ಹಾಕಿರ್ಬೇಕು! ಆ ಬೋಗುಣೀಲಿ ಇರೋ ದಪ್ಪಂದು ಯಾವ್ದು?"

ಉಬಾಲ್ದಿನಾ ಅಡುಗೆಮನೆ ಹೊಕ್ಕಳು. ಹಿಂದೆ ನಾನು, ದೊಮಿತಿಲಾ. ನೆಂಟರಿಗೆಂದು ನಿನ್ನೆಯೇ ಕೊಯ್ದು, ಬೆಳ್ಳುಳ್ಳಿ-ಮೆಣಸಿನಕಾಯಿ ಸವರಿದ ಐದು ಕುಯ್‌ಗಳು ಬೋಗುಣಿಯಲ್ಲಿದ್ದವು. ದಪ್ಪನೆಯದರ ಪಂಜ ಎತ್ತಿ ಬೆಳಕಿಗೆ ಹಿಡಿದಳು.

"ಮುಂದೆ ನಾಲ್ಕು, ಹಿಂದೆ ಮೂರು. ಇದು ಕರ್ನಲ್ ಅಲ್ಲ. ನಿಮ್ಮತ್ತೆ ಬಾಯಿ ಜೋರು, ಆದ್ರೆ ಈ ಕೆಲ್ಸ ಅವಳದ್ದಲ್ಲ."

ಕರ್ನಲ್‌ನ ಮೂಲೆ ನೋಡಿದೆವು. ಮಣ್ಣಿನ ಇಟ್ಟಿಗೆ ಜೋಡಿಸಿದ ಪುಟ್ಟ ಗೂಡು, ನಾಲ್ಕು ಹೆಜ್ಜೆಯೂ ಇಲ್ಲ. ರಕ್ತವಿಲ್ಲ, ಕಿತ್ತ ಕೂದಲಿಲ್ಲ. ಕಂಡದ್ದನ್ನೆಲ್ಲ ಬರೆದುಕೊಳ್ಳುವುದು ನನ್ನ ಕೆಲಸ, ಬರೆದುಕೊಂಡೆ.

ಹೊರಗೆ ಬಂದರೆ ಜನ ಆಗಲೇ ನಾಟಿವೈದ್ಯ ಕಸಿಮಿರೊನನ್ನು ಹಿಡಿದು ನಿಲ್ಲಿಸಿದ್ದರು. ಜೀವಂತ ಕುಯ್‌ಯನ್ನು ರೋಗಿಯ ಮೈಗೆಲ್ಲ ಉಜ್ಜಿ, ಆಮೇಲೆ ಅದರ ಹೊಟ್ಟೆ ಸೀಳಿ ರೋಗ ಹೇಳುವವನು ಆತ. ನಿನ್ನೆ ಮನೆಮನೆಗೆ ಹೋಗಿ ಕುಯ್ ಕೇಳಿದ್ದನಂತೆ.

"ರೋಗಿ ಯಾರು?" ಉಬಾಲ್ದಿನಾ ಕೇಳಿದಳು.

"ನನ್ನ ತಂಗಿ."

"ಕರ್ನಲ್ ಗಂಡು."

"ಮತ್ತೆ? ಹೆಂಗಸಿನ ಮೈಗೆ ಗಂಡು ಕುಯ್ ಉಜ್ಜೋಕೆ ನಾನೇನ್ ನಿನ್ನೆ ಮೊನ್ನೆ ಕಣ್ಬಿಟ್ಟೋನಾ?" ಕಸಿಮಿರೊಗೆ ಕಳ್ಳ ಎಂದದ್ದಕ್ಕಿಂತ ಇದೇ ದೊಡ್ಡ ಅವಮಾನವಾಗಿತ್ತು. ಅವನನ್ನು ಬಿಟ್ಟುಬಿಟ್ಟರು.

ಉಳಿದವಳು ಒಬ್ಬಳೇ. ಎಲ್ಲರ ಕಣ್ಣೂ ಮತ್ತೆ ದೊಮಿತಿಲಾಳ ಮೇಲೆ ಬಿತ್ತು.

ಒಂಬತ್ತಕ್ಕೆ ರೋಮುಲೊನ ಮೋಟಾರುಬೈಕು ಬಂತು. ಹೊಸ ಹುಲ್ಲುಟೋಪಿ, ಕೈಯಲ್ಲಿ ರಿಬ್ಬನ್ ಕಟ್ಟಿದ ಕತ್ತರಿ. ಸುದ್ದಿ ಕೇಳಿ ತಲೆಯಾಡಿಸಿದ.

"ನಾನು ಅವತ್ತೇ ಹೇಳಿದ್ದೆ ತಂಗಿ. ದೈತ್ಯ ತಳಿ ಮುದ್ದು ಮಾಡೋ ಪ್ರಾಣಿ ಅಲ್ಲ. ಮಾಂಸಕ್ಕೆ ಅಂತ ಬೆಳೆಸಿದ್ದು. ಮೈ ಬೇಗ ಬೆಳೆಯುತ್ತೆ, ಎದೆ ತಡ್ಕೊಳ್ಳಲ್ಲ. ಬಹಳ ಪುಕ್ಕಲು—ಒಂದು ತಟ್ಟೆ ಬಿದ್ರೂ ಎಗರಿ ಗೋಡೆಗೆ ಹೊಡ್ಕೊಂಡು ಕಾಲು ಮುರ್ಕೊಳ್ಳುತ್ತೆ. ಎರಡೋ ಮೂರೋ ವರ್ಷ ಬದುಕಿದ್ರೆ ಹೆಚ್ಚು. ಅಂಥಾದ್ದನ್ನ ಆ ಮೂಲೇಲಿ ತುರುಕಿದೀಯ. ಪ್ರೀತಿ ಅಂತೀಯ, ಜೈಲು ಅದು. ಎಲ್ಲೋ ಹೆದರಿ ಓಡಿಹೋಗಿರುತ್ತೆ ಬಿಡು."

ಜನ ಹೌದೌದೆಂದರು. ನಾನೂ ತಲೆಯಾಡಿಸಿದೆ, ನಾಚಿಕೆಗೇಡು.

ದೊಮಿತಿಲಾಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಜಾಗ ಸಣ್ಣದು, ಒಪ್ತೀನಿ. ಪುಕ್ಕಲ, ಅದೂ ಒಪ್ತೀನಿ. ನಾನಲ್ದೆ ಬೇರೆಯವ್ರು ಕೈ ಹಾಕಿದ್ರೆ ಊರೇ ಏಳೋ ಹಂಗೆ ಕಿರುಚ್ತಾನೆ. ಅವನು ಎಲ್ಲಿ ಹೆದರ್ಕೊಂಡು ಕೂತಿದಾನೋ..."

ಕದಿರು ನಿಂತಿತು.

"ನೆಲಿದಾ," ಎಂದಳು ಉಬಾಲ್ದಿನಾ, "ಅಡುಗೆಮನೆ ನೋಡಿ ಬರ್ಕೊಂಡೆಯಲ್ಲ, ಓದು."

ಓದಿದೆ. "ಬೋಗುಣಿಯಲ್ಲಿ ಐದು ಕುಯ್. ಮೂಲೆಯಲ್ಲಿ ಒಣಹುಲ್ಲು. ರಕ್ತವಿಲ್ಲ. ಹೊಸ್ತಿಲ ಹತ್ತಿರ ಎರಡು ಕೋಳಿಗಳು ಕುಯ್ ಹಿಕ್ಕೆ ಹೆಕ್ಕಿ ತಿನ್ನುತ್ತಿದ್ದವು—"

"ನಿಲ್ಸು. ನಿಮ್ಮ ಮನೆ ಕೋಳಿ ಹಿಕ್ಕೆ ತಿನ್ನುತ್ತಾ?"

"ಛೀ! ಅದ್ಯಾಕೆ ತಿನ್ನುತ್ತೆ?"

"ಮತ್ತೆ ಬರೆದೆಯಲ್ಲ?"

ನನ್ನ ಕಣ್ಣಾರೆ ಕಂಡು, ನನ್ನ ಕೈಯಾರೆ ಬರೆದು, ಒಂದು ಕ್ಷಣವೂ ಯೋಚಿಸಿರಲಿಲ್ಲ.

ಉಬಾಲ್ದಿನಾ ಒಲೆಯ ಬಳಿಯಿಂದ ಒಂದು ಹಿಡಿ ಹಿಕ್ಕೆ ತಂದು ಅಂಗಳಕ್ಕೆ ಎರಚಿದಳು. ಕೋಳಿಗಳು ಓಡಿಬಂದವು, ನೋಡಿದವು, ಮುಖ ತಿರುಗಿಸಿ ಹೋದವು. ಆಮೇಲೆ ಆಕೆ ಹೊಸ್ತಿಲ ಮುಂದೆ ಕೂತು, ಕಲ್ಲಿನ ಸಂದಿಯಿಂದ ಕದಿರಿನ ಮೊನೆಯಲ್ಲಿ ಏನನ್ನೋ ಎಬ್ಬಿಸಿದಳು. ಅದೇ ಬಣ್ಣ, ಅದೇ ಉದ್ದ. ಲೋಟದ ನೀರಿಗೆ ಹಾಕಿದಳು. ಅದು ಉಬ್ಬಿತು, ಒಡೆಯಿತು, ಹಿಟ್ಟಾಯಿತು. ಮೂಗಿಗೆ ಹಿಡಿದೆ. ತೌಡು, ಬೆಲ್ಲದ ವಾಸನೆ.

"ಹಿಕ್ಕೆ ಅಲ್ಲ, ಚೀಲದಲ್ಲಿ ಬರೋ ಫೀಡು," ಎಂದಳು ಉಬಾಲ್ದಿನಾ. "ದೊಮಿತಿಲಾ, ನೀನು ಸೊಪ್ಪು ಹಾಕೋದು ಎಷ್ಟೊತ್ತಿಗೆ?"

"ಹತ್ತು ಗಂಟೆ ಮೇಲೆ. ಇಬ್ಬನಿ ಸೊಪ್ಪು ತಿಂದ್ರೆ ಹೊಟ್ಟೆ ಉಬ್ಬರಿಸಿ ಸಾಯ್ತಾವೆ. ಕೊಯ್ದು, ಬಾಡ್ಸಿ ಹಾಕ್ಬೇಕು."

"ಊರಿನ ಎಲ್ಲಾ ಹೆಂಗಸ್ರೂ ಹಂಗೇ ಮಾಡೋದು. ಹಂಗಾದ್ರೆ ಬೆಳಕು ಹರಿಯೋವಾಗ ಕರ್ನಲ್ ಮೇವು ಬಂತು ಅಂತ ಯಾಕೆ ಶಿಳ್ಳೆ ಹಾಕ್ದ? ಅದೂ ಎಲ್ರಿಗಿಂತ ಮೊದ್ಲು? ಈ ಅಡುಗೆಮನೆ ಕುಯ್‌ಗಳು ಹುಟ್ಟಿದಾಗಿಂದ ಫೀಡು ಕಂಡಿಲ್ಲ. ಡಬ್ಬದಲ್ಲಿ ಅದನ್ನ ಕುಲುಕೋ ಸದ್ದು ಗೊತ್ತಿರೋದು ಕರ್ನಲ್‌ಗೆ ಒಬ್ಬನಿಗೇ. ಮರಿಯಾಗಿದ್ದಾಗ ಕೇಳಿದ್ದು. ಅವನನ್ನ ಯಾರೂ ಕೈ ಹಾಕಿ ಹಿಡೀಲಿಲ್ಲ, ಅದಕ್ಕೇ ಕಿರುಚಲಿಲ್ಲ. ಗೂಡಿನ ಒಂದು ಇಟ್ಟಿಗೆ ಸರಿಸಿದ್ರೆ ಸಾಕು, ಡಬ್ಬದ ಹಿಂದೆ ತಾನೇ ಹೋಗಿ ಚೀಲದೊಳಗೆ ಕೂತ. ಬೆಳಕು ಹರಿಯೋವಾಗ ಫೀಡು ಹಾಕೋ ಜಾಗ ಈ ಬೆಟ್ಟದಲ್ಲಿ ಒಂದೇ ಒಂದು ಇದೆ. ಅಲ್ವಾ ರೋಮುಲೊ?"

ರೋಮುಲೊ ನಕ್ಕ. "ನನ್ನ ತಟ್ಟೆಗೇ ಬರೋದನ್ನ ನಾನ್ಯಾಕೆ ಕದೀಲಿ ಅಕ್ಕಾ?"

"ತಟ್ಟೆಗೆ ಬಂದ್ರೆ ಒಂದು ಊಟ. ಫಾರಂಗೆ ಬಂದ್ರೆ ನೂರು ಮರಿ. ಬೀಜದ ಗಂಡು ಬೇಕು ಅಂತ ಮೂರು ಸಲ ಇವಳ ಮನೆ ಬಾಗ್ಲಿಗೆ ಬಂದಿದ್ದು ಊರಿಗೇ ಗೊತ್ತು. ಇವತ್ತು ಕೊಯ್ತಾರೆ ಅಂತ ನಿನ್ನೆ ಗೊತ್ತಾಯ್ತು. ಇನ್ನು ತಡ ಮಾಡೋ ಹಂಗಿರ್ಲಿಲ್ಲ."

ರೋಮುಲೊನ ನಗು ಹೋಯಿತು. "ನನ್ನ ಹತ್ರ ನಾನೂರು ಕೆಂಪು-ಬಿಳಿ ಕುಯ್ ಇವೆ. ಎಲ್ಲದಕ್ಕೂ ಆರು ಬೆರಳು. ಬನ್ನಿ, ನಿಮ್ದು ಯಾವ್ದು ತೋರ್ಸಿ ನೋಡೋಣ!"

ಇಡೀ ಊರು ಇಳಿಜಾರು ಇಳಿಯಿತು. ಹಬ್ಬದ ಬಟ್ಟೆಯಲ್ಲೇ.

ಫಾರಂನ ಬಾಗಿಲು ತೆರೆದೊಡನೆ ನಾನೂರು ಜೀವಗಳೂ ಒಮ್ಮೆಲೆ ಬೆಚ್ಚಿದವು. ಒಂದರ ಮೇಲೊಂದು ಎಗರಿ, ಗೋಡೆಗೆ ಮುಗಿಬಿದ್ದು, ಮೂಲೆಯಲ್ಲಿ ಗುಡ್ಡೆಯಾದವು. ರೋಮುಲೊ ಹೇಳಿದ್ದು ಸುಳ್ಳಲ್ಲ—ಅಂಥ ಪುಕ್ಕಲು ನಾನು ಕಂಡಿರಲಿಲ್ಲ. ದೊಮಿತಿಲಾ ಒಬ್ಬಳೇ ಮುಂದೆ ಹೋಗಿ ನೆಲಕ್ಕೆ ಕೂತಳು. ಹೆಸರು ಕರೆಯಲಿಲ್ಲ. ನಾಲಿಗೆಯಲ್ಲಿ ಮೆಲ್ಲಗೆ ಚಕ್ ಚಕ್ ಎಂದಳು.

ಮೂರನೆಯ ಗೂಡಿನ ಗುಡ್ಡೆಯಿಂದ ಒಂದು ತಲೆ ಎದ್ದಿತು. ಉಳಿದವು ಹಿಂದೆ ಸರಿದಷ್ಟೂ ಅದು ಮುಂದೆ ಬಂತು. ಬಂದು, ಆರು ಬೆರಳಿನ ಎರಡೂ ಪಂಜಗಳನ್ನು ಗೂಡಿನ ಇಟ್ಟಿಗೆ ಮೇಲಿಟ್ಟು, ಅವಳ ಮುಖ ನೋಡಿ ಶಿಳ್ಳೆ ಹಾಕಿತು.

ನನಗಂತೂ ಅಳು ಬಂತು. ಕುಯ್‌ಗಾಗಿ ಅತ್ತದ್ದು ಜನ್ಮದಲ್ಲಿ ಮೊದಲು.

"ನಾನು ಅದರ ಜೀವ ಉಳಿಸ್ದೆ!" ರೋಮುಲೊ ಕೂಗಿದ. "ನಾನು ತರದಿದ್ರೆ ಈಗ ಬಾಣಲೇಲಿ ಇರ್ತಿತ್ತು!"

ದೊಮಿತಿಲಾ ಕರ್ನಲ್‌ನನ್ನು ಎದೆಗವಚಿಕೊಂಡು ಎದ್ದಳು. "ನಿಜ, ಉಳಿಸಿದ್ರಿ. ಆದ್ರೆ ಇವ್ರೆಲ್ಲ ನನ್ನನ್ನ ಕಳ್ಳಿ ಅಂತ ಮಗೂನ ಬಿಡಿಸಿ ಓಡಿಸ್ತಾ ಇದ್ರಲ್ಲ, ಆಗ ಬಾಯಲ್ಲಿ ಏನ್ ಬಿಸಿ ಆಲೂಗೆಡ್ಡೆ ಇಟ್ಕೊಂಡಿದ್ರಾ ಅಣ್ಣಾ? ನೀವು ಹೇಳಿದ ಮಾತೂ ನಿಜವೇ. ಇವನಿಗೆ ಜಾಗ ಬೇಕು, ಬಿಸಿಲು ಬೇಕು, ಗದ್ದಲ ಆಗಲ್ಲ. ಅದನ್ನ ನೀವೇ ಕಟ್ಟಿಕೊಡಿ. ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ, ಇಟ್ಟಿಗೆಗೆ ಮಣ್ಣು ತುಳಿಯೋದೂ ನಿಮ್ಮ ಕಾಲಲ್ಲೇ. ಇವನು ಇನ್ನು ಎರಡೇ ವರ್ಷ ಬದುಕ್ಲಿ. ಆ ಎರಡು ವರ್ಷ ಇವನದು. ನಿಮ್ಮ ಬೀಜಕ್ಕೂ ಅಲ್ಲ, ಅತ್ತೆ ಬಾಣಲೆಗೂ ಅಲ್ಲ!"

"ಕೂಟದ ತೀರ್ಪೂ ಅದೇ," ಎಂದಳು ಉಬಾಲ್ದಿನಾ. "ಗ್ರಿಮಾನೆಸಾ, ಬೆಳಿಗ್ಗೆ ಎಷ್ಟು ಜೋರಾಗಿ ಕಳ್ಳಿ ಅಂದ್ಯೋ, ಅಷ್ಟೇ ಜೋರಾಗಿ ಅಲ್ಲ ಅಂತ ಹೇಳು."

ಗ್ರಿಮಾನೆಸಾ ಹೇಳಿದಳು. ಎರಡು ಹೊಲ ದಾಟುವಷ್ಟು ಜೋರಾಗಿಯೇನೂ ಅಲ್ಲ. ಉಬಾಲ್ದಿನಾ ಎರಡನೆಯ ಸಲ ಹೇಳಿಸಿದಳು.

ದೊಮಿತಿಲಾ ರೋಮುಲೊನ ಕೈಯಿಂದ ರಿಬ್ಬನ್ ಕತ್ತರಿ ಕಿತ್ತುಕೊಂಡಳು. "ಕದ್ದ ಕೈ ನನ್ನ ಮಗಳ ತಲೆ ಮುಟ್ಟೋದು ಬೇಡ. ಉಬಾಲ್ದಿನಕ್ಕಾ, ನೀವೇ ಅವಳ ಧರ್ಮದಮ್ಮ."

ಮಧ್ಯಾಹ್ನ ಉಬಾಲ್ದಿನಾ ಮಗುವಿನ ಮೊದಲ ಜಡೆ ಕತ್ತರಿಸಿದಳು. ಕೆಳಗೆ ರೋಮುಲೊ ಪ್ಯಾಂಟು ಮಡಚಿ ಮಣ್ಣು ತುಳಿಯುತ್ತಿದ್ದ. ಊಟಕ್ಕೆ ಕೂತಾಗ ಗ್ರಿಮಾನೆಸಾ ಬೋಗುಣಿಯ ದಪ್ಪ ಕುಯ್‌ಯನ್ನು ಹುರಿದು ಗೌರವದ ತಟ್ಟೆಯಲ್ಲಿ ತಂದಳು. ಉಬಾಲ್ದಿನಾ ಆ ಕಡೆ ಕೂತಿದ್ದ ದೊಮಿತಿಲಾಳನ್ನೂ, ಅವಳ ಮಡಿಲಲ್ಲಿ ಜೋಳದ ಎಲೆ ಮೆಲ್ಲುತ್ತಿದ್ದ ಕರ್ನಲ್‌ನನ್ನೂ ಒಮ್ಮೆ ನೋಡಿದಳು.

"ಇದನ್ನ ಕಸಿಮಿರೊಗೆ ಬಡ್ಸು. ನಂಗೆ ಎರಡು ಬೇಯ್ಸಿದ ಆಲೂಗೆಡ್ಡೆ, ಒಂಚೂರು ಖಾರ ಸಾಕು."

"ಧರ್ಮದಮ್ಮನಿಗೆ ಬರೀ ಆಲೂಗೆಡ್ಡೆಯಾ? ಊರೇ ನಗುತ್ತೆ ಅಕ್ಕಾ!"

"ನಗ್ಲಿ. ಇವಳಿಗೆ ನಗು ಕೇಳಿ ಅಭ್ಯಾಸ ಇದೆ. ನಾನೂ ಕಲೀತೀನಿ."

ಗ್ರಿಮಾನೆಸಾ ಕಣ್ಣೊರೆಸಿಕೊಳ್ಳುತ್ತ ನನ್ನ ಕಿವಿಯ ಹತ್ತಿರ ಬಗ್ಗಿದಳು. "ನಿಂಗೆ ಕೈ ಮುಗೀತೀನಿ ನೆಲಿದಾ, ಇದೊಂದನ್ನ ಪುಸ್ತಕದಲ್ಲಿ ಬರೀಬೇಡ."

ಬೆಳಿಗ್ಗೆ ಕಂಡದ್ದನ್ನು ತಪ್ಪಾಗಿ ಬರೆದವಳು ನಾನು. ಈ ಸಲ ಕಂಡದ್ದು ಕಂಡಂತೆಯೇ ಬರೆದೆ, ದೊಡ್ಡ ಅಕ್ಷರದಲ್ಲಿ: ಧರ್ಮದಮ್ಮನಿಗೆ ಬಡಿಸಿದ್ದು ಆಲೂಗೆಡ್ಡೆ, ಎರಡು. ಕರ್ನಲ್ ಜೀವಂತವಾಗಿದ್ದಾನೆ. ದೊಮಿತಿಲಾ ತನ್ನ ಮನೆಯಲ್ಲೇ ಇದ್ದಾಳೆ.