ಪೂಜೆಗಿಟ್ಟ ಸ್ಪ್ಯಾನರ್

1998ರ ಸೆಪ್ಟೆಂಬರ್ 30, ಬುಧವಾರ, ಆಯುಧಪೂಜೆ. ಮಧ್ಯಾಹ್ನ 12.40ಕ್ಕೆ ಅಕ್ಕಯಮ್ಮ ಎಂಬ ಹೆಂಗಸು ಸಂಚಾರ ಠಾಣೆಯ ಮೆಟ್ಟಿಲು ಹತ್ತಿದಳು. ಸೆರಗಿಗೆ ರಕ್ತ ಮೆತ್ತಿತ್ತು. ಬುಲ್ ಟೆಂಪಲ್ ರಸ್ತೆಯ ತಿರುವಿನಲ್ಲಿ ಬೂದುಗುಂಬಳ ಮಾರುತ್ತಿದ್ದ ಅವಳ ಅಕ್ಕ ಮಾರಕ್ಕನ ಮೇಲೆ ಬಿಳಿ ಫಿಯೆಟ್ ಕಾರು ಹರಿದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಮಾರಕ್ಕ ತೀರಿಕೊಂಡಿದ್ದಳು.

ಇನ್‌ಸ್ಪೆಕ್ಟರ್ ದೊಡ್ಡಬೈರಪ್ಪನವರು ತಾವೇ ದೂರು ಬರೆದುಕೊಂಡರು. ಹೆಡ್ ಕಾನ್‌ಸ್ಟೇಬಲ್ ಪುಟ್ಟಯ್ಯ ಇಂಕ್ ಪ್ಯಾಡ್ ಮುಂದಿಟ್ಟ. ಅಕ್ಕಯಮ್ಮ ಹೆಬ್ಬೆಟ್ಟು ಒತ್ತಲಿಲ್ಲ.

"ಏನ್ ಬರ್ದಿದೀರೋ ಓದಿ ಹೇಳಿ ಸಾಮಿ. ನಂಗೆ ಅಕ್ಷರ ಬರಲ್ಲ."

ಇನ್‌ಸ್ಪೆಕ್ಟರ್ ಒಂದಕ್ಷರ ಬಿಡದೆ ಓದಿದರು. ಆಮೇಲೆ ಒತ್ತಿದಳು. ಎಫ್‌ಐಆರ್ ದಾಖಲಾಯಿತು. ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು, ಐಪಿಸಿ 279 ಮತ್ತು 304(ಎ). ಆರೋಪಿ ಚಾಮರಾಜಪೇಟೆಯ ಹೈಸ್ಕೂಲು ಮೇಷ್ಟ್ರು ರಾಮಸ್ವಾಮಿ.

ಮೇಷ್ಟ್ರು ಜರಿಪಂಚೆಯಲ್ಲೇ ಬೆಂಚಿನ ಮೇಲೆ ಕೂತಿದ್ದರು.

"ಎಷ್ಟು ಸ್ಪೀಡಲ್ಲಿದ್ರಿ?"

"ಮೂವತ್ತೂ ಇರ್ಲಿಲ್ಲ ಸಾರ್. ದೊಡ್ಡಗಣಪತಿ ಗುಡಿ ಹತ್ರ ಗಾಡಿಗೆ ಪೂಜೆ ಮಾಡಿಸ್ಕೊಂಡು ಮನೆಗೆ ಹೊರಟಿದ್ವಿ."

"ಏನಾಯ್ತು?"

"ನಾನು ಬಲಕ್ಕೆ ತಿರುಗಿಸ್ದೆ. ಸ್ಟೀರಿಂಗ್ ತಿರುಗ್ತು, ಗಾಡಿ ತಿರುಗ್ಲಿಲ್ಲ."

"ಮೊದ್ಲೇ ತೊಂದ್ರೆ ಇತ್ತಾ?"

"ಒಂದು ತಿಂಗಳಿಂದ ಎಡಕ್ಕೆ ಎಳೀತಿತ್ತು. ಹಂಪ್ ದಾಟಿದ್ರೆ ಕಟಕಟ ಅನ್ನೋದು. ಮುಂದಿನ ಟೈರು ಒಂದೇ ಕಡೆ ಸವೆದಿತ್ತು. ಅದಕ್ಕೇ ನಿನ್ನೆ ಮೆಕ್ಯಾನಿಕ್ ಅಂಜನಪ್ಪನ ಹತ್ರ ಬಿಟ್ಟು, ಇವತ್ತು ಹತ್ತೂವರೆಗೆ ತಂದೆ."

ಆ ಹೆಸರು ಕೇಳಿದ್ದೇ ದೊಡ್ಡಬೈರಪ್ಪನವರು ಅಂಗಳದಲ್ಲಿ ನಿಂತಿದ್ದ ಜೀಪಿನ ಕಡೆ ನೋಡಿದರು. ಠಾಣೆಯ ಜೀಪು ನೋಡಿಕೊಳ್ಳುವವನೂ ಅಂಜನಪ್ಪನೇ. ಬೆಳಗ್ಗೆ ಏಳೂವರೆಗೆ ಪುಟ್ಟಯ್ಯನ ಕೈಲಿ ಜೀಪು ಕೊಟ್ಟು ಅವರೇ ಹೇಳಿ ಕಳಿಸಿದ್ದರು. "ಒಂಬತ್ತಕ್ಕೆ ಪೂಜೆ. ಕೈಲಿರೋ ಗಾಡಿ ಬಿಟ್ಟು ಮೊದ್ಲು ನಮ್ಮದು ಮುಗಿಸು ಅನ್ನು." ಜೀಪಿಗೆ ಆಗಿದ್ದಾದರೂ ಏನು? ಮುಂದಿನ ಸ್ಪ್ರಿಂಗ್ ಪಟ್ಟಿ ಕಿರುಗುಟ್ಟುತ್ತಿತ್ತು. ವಾರದಿಂದ ಕಿರುಗುಟ್ಟಿದ್ದು ಇನ್ನೆರಡು ದಿನ ಕಿರುಗುಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಹಾರ ಹಾಕಿಸಿಕೊಂಡ ಜೀಪು ಸದ್ದು ಮಾಡಬಾರದು ಎಂಬ ತಮ್ಮ ಗತ್ತು, ಅಷ್ಟೇ.

1.45ಕ್ಕೆ ಇಬ್ಬರು ಪಂಚರ ಮುಂದೆ ಸ್ಥಳ ಪಂಚನಾಮೆ ನಡೆಯಿತು. ಒಡೆದ ಕುಂಬಳಕಾಯಿಗಳ ನಡುವೆ ಕಾರು ನಿಂತಿತ್ತು. ಬಲಚಕ್ರ ಒಂದು ಕಡೆ, ಎಡಚಕ್ರ ಇನ್ನೊಂದು ಕಡೆ ಮುಖ ಮಾಡಿದ್ದವು. ಹಿಂದೆ ಠಾಣೆಯ ಚಾಲಕನಾಗಿದ್ದ ಪುಟ್ಟಯ್ಯ ಟಾರ್ಚು ಹಿಡಿದು ಕಾರಿನಡಿ ತೂರಿದ.

"ಟೈ ರಾಡ್ ಕಳಚಿ ನೇತಾಡ್ತಿದೆ ಸಾರ್." ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಸರಳು ಅದು. "ತುದಿಯ ಜಾಯಿಂಟ್ ಹೊಸದು. ತಿರುಪಿನ ಗೆರೆ ಏನೂ ಕೆಟ್ಟಿಲ್ಲ. ನಟ್ಟು ಮಾತ್ರ ಇಲ್ಲ."

ನಟ್ಟು ಎಂಬತ್ತು ಅಡಿ ಹಿಂದೆ ರಸ್ತೆಯಂಚಿನಲ್ಲಿ ಸಿಕ್ಕಿತು.

"ಬಿಗಿ ಮಾಡಿದ್ದು ಹೇಗೆ ಬಿಚ್ಕೊಳ್ತು?"

"ನಟ್ಟು ತಿರುಗ್ದಂಗೆ ಅಡ್ಡ ಒಂದು ಪಿನ್ ತೂರಿಸಿ ಮಡಚ್ಬೇಕು ಸಾರ್. ಪಿನ್ ಮುರಿದಿದ್ರೆ ಚೂರು ತೂತಲ್ಲಿ ಉಳೀತಿತ್ತು. ತೂತಿನ ತುಂಬಾ ಹೊಸ ಗ್ರೀಸ್ ಇದೆ. ಪಿನ್ ಹಾಕೇ ಇಲ್ಲ." ಪುಟ್ಟಯ್ಯ ಎದ್ದು ಮಂಡಿ ಕೊಡವಿಕೊಂಡು ದನಿ ತಗ್ಗಿಸಿದ. "ಸಾರ್, ಮೇಷ್ಟ್ರ ಮೇಲೆ ಹೇಗೂ ಎಫ್‌ಐಆರ್ ಆಗಿದೆ. ಅಲ್ಲಿಗೇ ನಿಲ್ಸಿದ್ರೆ..."

ಆ ಮಾತು ದೊಡ್ಡಬೈರಪ್ಪನವರಿಗೆ ಒಂದು ಗಳಿಗೆ ಹಿತವಾಗಿಯೇ ಕೇಳಿಸಿತು. ಹಿತವಾಗಿ ಕೇಳಿಸಿತಲ್ಲ ಎಂದು ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಮೇಷ್ಟ್ರ ಕೆಲಸ ಹೋಗುತ್ತಿತ್ತು, ಜೈಲೂ ಆಗಬಹುದಿತ್ತು. ತಮ್ಮ ಹೆಸರು ಮಾತ್ರ ಎಲ್ಲೂ ಬರುತ್ತಿರಲಿಲ್ಲ.

"ನಡಿ, ಶೆಡ್ಡಿಗೆ ಹೋಗೋಣ," ಎಂದರು.

ಸಂಜೆ 4.10. ಅಂಜನಪ್ಪನ ಶೆಡ್ಡು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿತ್ತು. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ದೇವಿಯ ಪಟದ ಮುಂದೆ ಹಲಗೆಯ ಮೇಲೆ ಸ್ಪ್ಯಾನರುಗಳು ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ಅರಿಶಿನ ಕುಂಕುಮದ ಬೊಟ್ಟು, ಒಂದೊಂದು ಸೇವಂತಿಗೆ. ಪಕ್ಕದಲ್ಲಿ ಪಿನ್ನುಗಳ ಡಬ್ಬಿ. ಅದಕ್ಕೂ ಬೊಟ್ಟು.

"ಪೂಜೆ ಎಷ್ಟೊತ್ತಿಗೆ ಮಾಡ್ದೆ?"

"ಒಂಬತ್ತೂವರೆಗೆ ಸಾರ್, ಪುರೋಹಿತರು ಬರೋ ಹೊತ್ತು ಅದೇ."

"ಮೇಷ್ಟ್ರ ಗಾಡಿಗೆ ಹೊಸ ಜಾಯಿಂಟ್ ಕೂರಿಸಿದ್ದು?"

"ಅದಾದ್ಮೇಲೆ."

"ಆ ನಟ್ಟಿಗೆ ಯಾವ ಸ್ಪ್ಯಾನರು?"

"ಹತ್ತೊಂಬತ್ತು."

ಹತ್ತೊಂಬತ್ತನೇ ನಂಬರಿನ ಸ್ಪ್ಯಾನರಿನ ಮೇಲೆ ಕುಂಕುಮ ಒಂದಿಷ್ಟೂ ಅಳಿಸದೆ ಒಣಗಿತ್ತು.

"ಹಾಗಾದ್ರೆ ಯಾವುದ್ರಲ್ಲಿ ಬಿಗಿ ಮಾಡ್ದೆ?"

ಅಂಜನಪ್ಪ ತನ್ನ ಬೆರಳುಗಳನ್ನೇ ನೋಡಿಕೊಂಡ.

"ಪುಟ್ಟಯ್ಯ, ಸ್ಪ್ಯಾನರನ್ನೂ ಡಬ್ಬಿಯನ್ನೂ ಜಪ್ತಿ ಮಾಡು."

"ಸಾರ್... ಪೂಜೆ ಎತ್ತೋದು ನಾಳೆ."

ಹಾಗೆಂದ ಪುಟ್ಟಯ್ಯನ ಕೈ ಮುಂದೆ ಬರಲಿಲ್ಲ. ಜೊತೆಗೆ ಬಂದಿದ್ದ ಪಂಚರೂ ಗೋಡೆ ನೋಡಿದರು. ದೊಡ್ಡಬೈರಪ್ಪನವರು ಬೂಟು ಕಳಚಿ, ಕೈಮುಗಿದು, ಹೂವು ಸರಿಸಿ ಸ್ಪ್ಯಾನರನ್ನು ತಾವೇ ಎತ್ತಿದರು.

ಅಕ್ಟೋಬರ್ 3ರಂದು ಮೋಟಾರು ವಾಹನ ನಿರೀಕ್ಷಕರ ವರದಿ ಬಂತು. ಬ್ರೇಕು ಸರಿಯಿದೆ, ಟೈ ರಾಡಿನ ನಟ್ಟನ್ನು ಬಿಗಿ ಮಾಡಿಲ್ಲ, ಪಿನ್ ಹಾಕಿಲ್ಲ ಎಂದಿತ್ತು. ಸಂಜೆ 4.30ಕ್ಕೆ ಅಂಜನಪ್ಪನನ್ನು ಬಂಧಿಸಲಾಯಿತು. ಇನ್‌ಸ್ಪೆಕ್ಟರ್ ಪ್ರಶ್ನೆ ಕೇಳಿದರು, ಪುಟ್ಟಯ್ಯ ಹೇಳಿಕೆ ಬರೆದುಕೊಂಡ.

"ದೇವರ ಮುಂದೆ ಇಟ್ಟಿದ್ದನ್ನ ಮುಟ್ಟೋಕೆ ಕೈ ಬರ್ಲಿಲ್ಲ ಸಾರ್. ಬೆರಳಲ್ಲೇ ಆದಷ್ಟು ತಿರುಗಿಸ್ದೆ. ಒಂದು ದಿನ ತಡ್ಕೊಳ್ಳುತ್ತೆ ಅನ್ಕೊಂಡೆ. ನಾಳೆ ಒಂದ್ಸಲ ತನ್ನಿ, ಸಣ್ಣ ಕೆಲಸ ಇದೆ ಅಂತ ಮೇಷ್ಟ್ರಿಗೆ ಹೇಳ್ದೆ."

"ಸ್ಟೀರಿಂಗ್ ಕೆಲಸ ಅಂತ ಯಾಕೆ ಹೇಳ್ಲಿಲ್ಲ?"

"ಹನ್ನೆರಡಕ್ಕೆ ರಾಹುಕಾಲ. ಮೇಷ್ಟ್ರ ಮನೆಯವರು ರೇಷ್ಮೆ ಸೀರೆ ಉಟ್ಕೊಂಡು ಹೂವಿನ ಬುಟ್ಟಿ ಹಿಡ್ಕೊಂಡು ನಿಂತಿದ್ರು. ಹಬ್ಬದ ದಿನ ಇಲ್ಲ ಅನ್ನೋಕೆ ಆಗ್ಲಿಲ್ಲ. ಕೊಂದ್ಬಿಟ್ಟೆ ಸಾರ್."

"ಹಳೇ ಜಾಯಿಂಟ್ ಯಾವಾಗ ಬಿಚ್ಚಿದ್ದೆ?"

"ಏಳಕ್ಕೆ."

"ಏಳೂವರೆಯಿಂದ ಒಂಬತ್ತರವರೆಗೆ ಏನ್ ಮಾಡ್ತಿದ್ದೆ?"

ಅಂಜನಪ್ಪ ತಲೆ ಎತ್ತಿ ಪುಟ್ಟಯ್ಯನ ಮುಖ ನೋಡಿದ, ಮತ್ತೆ ತಗ್ಗಿಸಿದ. "ಏನೋ ಸಣ್ಣಪುಟ್ಟ ಕೆಲಸ ಸಾರ್."

ಪುಟ್ಟಯ್ಯನ ಪೆನ್ನು ನಿಂತಿತು. ಒಳಗೆಲ್ಲೋ ಸಡಿಲವಾದ ಚಕ್ರವನ್ನು ಎರಡು ಕೈಯಲ್ಲಿ ಅಲುಗಿಸಿದೊಡನೆ ರೋಗ ಹೇಳುವ ಕಸುಬುದಾರ ಅಂಜನಪ್ಪ. ಆ ಒಂದೂವರೆ ಗಂಟೆ ಕೈಯಲ್ಲಿದ್ದಿದ್ದರೆ ಪಿನ್ ಹಾಕದೆ ಬಿಡುವವನಲ್ಲ. ಅದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ದೊಡ್ಡಬೈರಪ್ಪನವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಆರೋಪಿಯ ಹೇಳಿಕೆಯನ್ನು ಅಲ್ಲಿಗೇ ಮುಗಿಸಿ, ಬೇರೆ ಹಾಳೆಯಲ್ಲಿ ತಾವೇ ಬರೆಯತೊಡಗಿದರು. ರಾಮಸ್ವಾಮಿಯವರನ್ನು ಆರೋಪದಿಂದ ಕೈಬಿಡಬೇಕೆಂದೂ, ತನಿಖೆಯನ್ನು ಬೇರೆ ಅಧಿಕಾರಿಗೆ ವಹಿಸಬೇಕೆಂದೂ ಮೇಲಧಿಕಾರಿಗಳಿಗೆ ಕೋರಿದರು. ಕಾರಣವನ್ನೂ ಬರೆದರು.

ಅಕ್ಕನ ಶವಪರೀಕ್ಷೆಯ ವರದಿಗೆಂದು ಬಂದಿದ್ದ ಅಕ್ಕಯಮ್ಮ ಬಾಗಿಲಲ್ಲಿ ನಿಂತಿದ್ದಳು.

"ಯಾರಂತೆ ಸಾಮಿ?"

"ಮೆಕ್ಯಾನಿಕ್ ಅಂಜನಪ್ಪ. ನಮ್ಮ ಜೀಪು ಮೊದ್ಲು ಅಂತ ಅವನಿಗೆ ಅವಸರ ಮಾಡ್ಸಿದ್ದು ನಾನು."

ಅವಳು ಒಳಗೆ ಬಂದು ಮೇಜಿನ ಮೇಲಿನ ಹಾಳೆ ನೋಡಿದಳು. "ಅದನ್ನೂ ಬರ್ದಿದೀರಾ?"

"ಬರ್ದಿದೀನಿ."

"ಓದಿ ಹೇಳಿ."

ಅಂಗಳದಲ್ಲಿ ಜೀಪಿನ ಹಾರ ಒಣಗಿ ನೇತಾಡುತ್ತಿತ್ತು. ದೊಡ್ಡಬೈರಪ್ಪನವರು ಎದ್ದು ನಿಂತು, ಹಾಳೆ ಹಿಡಿದು, ತಮ್ಮ ಹೆಸರಿನಿಂದ ಶುರುಮಾಡಿ ಒಂದಕ್ಷರ ಬಿಡದೆ ಓದಿದರು.