ನವಿಲಿನ ಕತ್ತು

"ಸುಪ್ರೀತಾ ಸ್ಕ್ರ್ಯಾಪ್ ಕಳ್ಸಿದಾಳೆ ಕಣೇ!" ಕಂಪ್ಯೂಟರ್‌ನಲ್ಲಿ ಬಂದ ಸಂದೇಶ ನೋಡಿ ಶ್ರಾವ್ಯ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು.

ಅರ್ಪಣಾ ಕಂಪ್ಯೂಟರ್ ಕಡೆ ತಿರುಗಲೂ ಇಲ್ಲ. "ನಿಮ್ಮನೇಲಿ ಒಂದು ಲೋಟ ನೀರೂ ಕುಡಿದವಳಲ್ಲ. ಅವಳೆಂತ ಫ್ರೆಂಡ್ ಮಾರಾಯ್ತಿ?"

ಶ್ರಾವ್ಯ ನಕ್ಕಳು. ಅರ್ಪಣಾಳಿಗೆ ನಗು ಬರಲಿಲ್ಲ.

ಕೊಪ್ಪದ ಆ ಬೀದಿಯಲ್ಲಿ ಒಂದನೇ ಕ್ಲಾಸಿನಿಂದಲೂ ಇಬ್ಬರದೂ ಒಂದೇ ರಂಗೋಲಿ. ಚುಕ್ಕಿ ಇಡುವವಳು ಅರ್ಪಣಾ, ಗೆರೆ ಎಳೆಯುವವಳು ಶ್ರಾವ್ಯ. ಈಗ ಶ್ರಾವ್ಯಳ ಅಮ್ಮನ ಆರ್ಕುಟ್ ಖಾತೆಯಲ್ಲಿ ಒಂದು ರಂಗೋಲಿ ಕಮ್ಯುನಿಟಿ ಸಿಕ್ಕಿತ್ತು. ಒಬ್ಬರು ಚುಕ್ಕಿಯ ಲೆಕ್ಕ ಬರೆದರೆ ಉಳಿದವರು ಬಿಡಿಸಿ ಫೋಟೋ ಹಾಕುತ್ತಿದ್ದರು. ಅಲ್ಲಿ ಸಿಕ್ಕವಳೇ ಮಸ್ಕತ್‌ನ ಸುಪ್ರೀತಾ. ಅವಳ ಅಜ್ಜಿಮನೆ ಇಲ್ಲೇ ಪಕ್ಕದ ಎನ್.ಆರ್. ಪುರವಂತೆ. ಅಷ್ಟು ಸಾಕಾಯಿತು, ಬೆಳಗಾದರೆ ಶ್ರಾವ್ಯಳ ಬಾಯಲ್ಲಿ ಅವಳದೇ ಜಪ. ಅರ್ಪಣಾಳಿಗೆ ಕೇಳಿ ಕೇಳಿ ಹೊಟ್ಟೆ ಉರಿಯುತ್ತಿತ್ತು.

"ನಾಳೆ ಅವಳ ಬರ್ತ್‌ಡೇ. ನಮ್ಮ ನವಿಲು ರಂಗೋಲಿ ಕೇಳಿದಾಳೆ. ಲೆಕ್ಕ ನಿಂಗೇ ಬಾಯಿಪಾಠ ಅಲ್ದಾ? ಟೈಪ್ ಮಾಡ್ತಿರು, ನಾನು ಅವಲಕ್ಕಿ ತರ್ತೀನಿ."

ನವಿಲು! ಇಬ್ಬರೂ ಸೇರಿ ಕಟ್ಟಿದ ರಂಗೋಲಿ ಅದು. ಅದನ್ನೂ ಅವಳಿಗೆ ಕೊಡಬೇಕೇ?

ಅದು ಸಂದು ಚುಕ್ಕಿಯ ರಂಗೋಲಿ. ಮೇಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಕೆಳಗಿನ ಚುಕ್ಕಿ ಕೂರಬೇಕು. ಒಂದರ ಕೆಳಗೊಂದು ನೇರ ಇಟ್ಟರೆ ನವಿಲಿನ ಕತ್ತೇ ಕೂಡುವುದಿಲ್ಲ. ಅರ್ಪಣಾ ಬಾಗಿಲ ಕಡೆ ನೋಡಿದಳು. 'ನೇರ ಚುಕ್ಕಿ' ಎಂದು ಟೈಪ್ ಮಾಡಿ ಕಳಿಸಿಯೇ ಬಿಟ್ಟಳು. ಆಮೇಲೆ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದಳು.

ಎರಡು ದಿನ ಬಿಟ್ಟು ಫೋಟೋ ಬಂತು. ಬಾಲ್ಕನಿಯ ನೆಲದ ಮೇಲೆ ಕತ್ತಿಲ್ಲದ ನವಿಲು! 'ಇದು ಕೋಳಿಯಾ?' ಎಂದು ಯಾರೋ ಕೆಳಗೆ ಕೇಳಿದ್ದರು. ಅರ್ಪಣಾ ಕಿಸಕ್ಕನೆ ನಕ್ಕಳು.

ಶ್ರಾವ್ಯ ಸುಪ್ರೀತಾಳ ಸ್ಕ್ರ್ಯಾಪ್ ಓದಿದಳು. "ಒರೆಸಿ ಒರೆಸಿ ಬರೆದೆ, ಕತ್ತು ಬರ್ಲೇ ಇಲ್ಲ. ಲೆಕ್ಕ ಸರಿ ಇರುತ್ತೆ ಬಿಡು, ಕೊಟ್ಟವಳು ಅರ್ಪಣಾ ಅಲ್ವಾ? ಅವಳ ಚುಕ್ಕಿ ತಪ್ಪೋದೇ ಇಲ್ಲ ಅಂತ ನೀನೇ ಹೇಳಿದ್ದೆ. ನಂಗೇ ಬರಲ್ಲ. ಅವಳು ನಂಗೂ ಕಲಿಸ್ತಾಳಾ ಕೇಳು."

ಅರ್ಪಣಾಳ ನಗು ನಿಂತಿತು. "ಅವಳಿಗೆ... ನಾನು ಗೊತ್ತಾ?"

"ಎಂತ ಕೇಳ್ತೀಯೆ! ನಿನ್ನ ಸುದ್ದಿ ಬಿಟ್ಟು ಬೇರೆ ಎಂತ ಇದೆ ನಂಗೆ ಹೇಳಕ್ಕೆ?"

ಅರ್ಪಣಾ ಸ್ವಲ್ಪ ಹೊತ್ತು ಉಗುರು ಕಚ್ಚಿದಳು. ಆಮೇಲೆ, "ಸ್ವಲ್ಪ ಆಚೆ ಸರಿ ಕಣೇ" ಎಂದು ಕೀಬೋರ್ಡ್ ಎಳೆದುಕೊಂಡಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

'ನಿನ್ನ ತಪ್ಪಲ್ಲ. ನಾನೇ ಬೇಕಂತ ತಪ್ಪು ಬರೆದೆ. ಅದು ಸಂದು ಚುಕ್ಕಿ. ಅರ್ಪಣಾ.'

ಕಳಿಸಿದ್ದನ್ನು ಓದಿ ಶ್ರಾವ್ಯಳ ಮುಖ ಸಣ್ಣದಾಯಿತು. ಬೈದಿದ್ದರೆ ವಾಸಿಯಿತ್ತು, ಅವಳು ಬೈಯಲಿಲ್ಲ.

ಮರುದಿನ ಸ್ಕೂಲ್ ಬಿಟ್ಟದ್ದೇ ಅರ್ಪಣಾ ಮನೆಗೂ ಹೋಗದೆ ಬ್ಯಾಗ್ ಸಮೇತ ಶ್ರಾವ್ಯಳ ಹಿಂದೆ ಓಡಿದಳು. ಕಂಪ್ಯೂಟರ್ ಆನ್ ಆಗುವಷ್ಟು ಹೊತ್ತು ಕೂರಲಾಗದೆ ಕುರ್ಚಿಯ ಹಿಂದೆ ನಿಂತೇ ಇದ್ದಳು.

"ನೋಡೇ," ಎಂದಳು ಮೆಲ್ಲಗೆ, "ಸುಪ್ರೀತಾ ಬರ್ದಿದಾಳಾ?"